ಹಿಡಿದು ಬಿಟ್ಟ ಮಹಶೀರ್ ಮೀನು ಹೊಟ್ಟೆ ಮೇಲಾಗಿ ತೇಲ್ತದೆ, ಕಾರಣ ಗೊತ್ತಿದ್ದವರು ಹೇಳಿ

ಹೊಳೆಕರೆ_ವಾಲ್ನೂರು
ತಲೆ ಕೆಟ್ಟು ಹೋಗಿದೆ. ಕಾವೇರಿ, ವಾಲ್ನೂರು ಕಡೆ, ದಡದಿಂದ. ಪರ್ಮಿಟ್ ಉಂಟು, ಹಿಡಿದದ್ದನ್ನೆಲ್ಲ ಬಿಡೋದೇ. ಮುಳ್ಳು ಒತ್ತಿದ ಒಂಟಿ ಗಾಳ, ಒದ್ದೆ ಕೈ, ರಬ್ಬರ್ ಬಲೆ, ಎಲ್ಲ ಸರಿ ಇದೆ. ಆದರೂ 5 ಕಿಲೋ ಮೇಲಿನ ಮೀನು ಬಿಟ್ಟರೆ ಎರಡು ಮಾರು ಹೋಗಿ ಮಗುಚಿಕೊಳ್ತದೆ. ಸಣ್ಣವು ಬಾಣದ ಹಾಗೆ ಹೋಗ್ತವೆ. ಗಾಳ ತುಟಿಯಲ್ಲೇ ಇರ್ತದೆ, ರಕ್ತ ಇಲ್ಲ. ದಯವಿಟ್ಟು ಯಾರೂ ಗಾಳ ಬದಲಿಸಿ ಅನ್ಬೇಡಿ.

ಕಡಲ್ಗಾಳ_ಸಂಪಾಜೆ
ಸ್ಪಷ್ಟ ಗಾಳಿಚೀಲದ ಕೇಸು, ಮೀನನ್ನು ತೇಲಿಸೋ ಒಳಗಿನ ಚೀಲ ಊದಿದೆ. ಮಂಗಳೂರು ಕಡೆ ಬೋಟಿನಲ್ಲಿ ಆಳದಿಂದ ಮುರು (ಕಡಲ ಮೀನು) ಎತ್ತಿದರೆ ಹೊಟ್ಟೆ ಊದಿ ಜಠರ ಬಾಯಿಗೆ ಬರ್ತದೆ. ಪಕ್ಕದ ರೆಕ್ಕೆಯ ಹಿಂದೆ ಒಂದು ಹುರುಪೆ ಎತ್ತಿ ಟೊಳ್ಳು ಸೂಜಿ ಓರೆಯಾಗಿ ಹಾಕಿದರೆ ಗಾಳಿ ಬುಸ್ ಅಂತ ಹೋಗ್ತದೆ, ಮೀನು ಇಳೀತದೆ. ದೊಡ್ಡ ಮೀನು ಆಳದಲ್ಲಿರ್ತದೆ, ಸಣ್ಣದು ಮೇಲೆ. ಲೆಕ್ಕ ಕೂಡಿ ಬಂತಲ್ಲ?

ಹಾರಂಗಿ_ಬ್ಯಾಕ್‌ವಾಟರ್
ಸೂಜಿ ಮುಟ್ಟಲೇಬೇಡಿ. ಮಹಶೀರ್ ಕಾರ್ಪ್ ಕುಟುಂಬದ್ದು. ಅದರ ಗಾಳಿಚೀಲದಿಂದ ಅನ್ನನಾಳಕ್ಕೆ ಒಂದು ನಳಿಕೆ ಉಂಟು, ಹೆಚ್ಚಾದ ಗಾಳಿಯನ್ನು ಬಾಯಿಂದಲೇ ಬಿಡ್ತದೆ. ಮುರು ಮೀನಿಗೆ ಆ ನಳಿಕೆ ಇಲ್ಲ, ಅದಕ್ಕೇ ಅಲ್ಲಿ ಸೂಜಿ. ಇನ್ನು ನೀರಿನ ಒತ್ತಡ ಒಂದು ವಾತಾವರಣದಷ್ಟು ಏರಬೇಕಾದರೆ 10 ಮೀಟರ್ ಇಳೀಬೇಕು. ಬೇಸಿಗೆಯಲ್ಲಿ ಆ ಗುಂಡಿಗಳಲ್ಲಿ ಅಷ್ಟು ನೀರೆಲ್ಲಿ?

ಕಡಲ್ಗಾಳ_ಸಂಪಾಜೆ
ಹಾಗಾದರೆ ತೇಲೋದ್ಯಾಕೆ? ಗಾಳಿ ಇಲ್ಲದೆ ಯಾವ ಮೀನು ತೇಲ್ತದೆ?

ಹಾರಂಗಿ_ಬ್ಯಾಕ್‌ವಾಟರ್
ತೇಲೋದು ಬೇರೆ, ಮಗುಚೋದು ಬೇರೆ. ಗಾಳಿ ಉಬ್ಬಿದ ಮೀನು ಕೆಳಗೆ ಹೋಗಲು ಒದ್ದಾಡ್ತದೆ, ಆಗ್ತಿಲ್ಲ ಅಷ್ಟೆ. ಇಲ್ಲಿ ಮೀನು ಒದ್ದಾಡ್ತಲೇ ಇಲ್ಲ, ಸಮತೋಲ ಹಿಡಿಯೋ ಶಕ್ತಿಯೇ ಇಲ್ಲ.

ಕಡಲ್ಗಾಳ_ಸಂಪಾಜೆ
ಹೊಟ್ಟೆ ಒತ್ತಿ ನೋಡಲಿ. ಗಟ್ಟಿ ಇದ್ದರೆ ನಾನು ಹೇಳಿದ್ದೇ.

ಪಿಇ_ಎರಡೂವರೆ
ಸೂಜಿ ಆಮೇಲೆ. ಲೈನ್ ಎಷ್ಟು ಪೌಂಡ್? ಡ್ರ್ಯಾಗ್, ಅಂದರೆ ರೀಲ್ ಲೈನ್ ಬಿಟ್ಟುಕೊಡೋ ಎಳೆತ, ಎಷ್ಟು? ಗಾಳ ಬಿದ್ದಲ್ಲಿಂದ ಬಲೆಗೆ ಎಷ್ಟು ನಿಮಿಷ? ಪೋಸ್ಟಲ್ಲಿ ಒಂದೂ ಇಲ್ಲ.

ಹೊಳೆಕರೆ_ವಾಲ್ನೂರು
7 ಅಡಿ ಮೀಡಿಯಂ ಲೈಟ್ ರಾಡ್, 2500 ಸೈಜ್ ರೀಲ್, 10 ಪೌಂಡ್ ಮೊನೊ (ಒಂಟಿ ಎಳೆ ನೈಲಾನ್ ಲೈನ್). ದೊಡ್ಡದಾದರೆ ಅರ್ಧ ಗಂಟೆ ಮೇಲೇ ಆಗ್ತದೆ. ಅದಕ್ಕೂ ಇದಕ್ಕೂ ಎಂತ ಸಂಬಂಧ? ಮೀನು ಬರ್ತದಲ್ಲ.

ಪಿಇ_ಎರಡೂವರೆ
ಸಂಬಂಧ ಅಲ್ಲೇ ಇರೋದು. 10 ಪೌಂಡ್ ಅಂದರೆ 4.5 ಕಿಲೋ. ಡ್ರ್ಯಾಗ್ ಅದರ ಕಾಲು ಭಾಗ ಇಟ್ಟರೆ 1.1 ಕಿಲೋ. ಅಷ್ಟರಲ್ಲಿ 7 ಕಿಲೋ ಮಹಶೀರನ್ನು ನೀವು ಎಳೀತಿಲ್ಲ, ಅದು ಸುಸ್ತಾಗಿ ಬೀಳೋದನ್ನು ಕಾಯ್ತಿದ್ದೀರಿ. ಜೋರಾಗಿ ಓಡುವಾಗ ಬಿಳಿ ಸ್ನಾಯು ಆಮ್ಲಜನಕ ಇಲ್ಲದೆ ದುಡೀತದೆ, ಲ್ಯಾಕ್ಟಿಕ್ ಆಮ್ಲ ತುಂಬ್ತದೆ. ಅದು ಇಳೀಲಿಕ್ಕೆ ಗಂಟೆಗಟ್ಟಲೆ ಬೇಕು. ಸಣ್ಣ ಮೀನು ಬೇಗ ದಡಕ್ಕೆ ಬರ್ತದೆ, ಅದಕ್ಕೇ ಚೆನ್ನಾಗಿ ಹೋಗ್ತದೆ.

30 ಪೌಂಡ್ ಬ್ರೇಡ್, ಅಂದರೆ ಎಳೆ ಹೆಣೆದ ಲೈನ್, ಹಾಕಿ. ದಪ್ಪ ನಿಮ್ಮ 10 ಪೌಂಡ್ ಮೊನೊದಷ್ಟೇ ಹೆಚ್ಚುಕಡಿಮೆ, ಅದೇ ರೀಲಿಗೆ ಹಿಡೀತದೆ. ಕಾಲು ಭಾಗ 3.4 ಕಿಲೋ ಆಯ್ತು. ಬೆರಳಲ್ಲಿ ಎಳೆದು ಅಂದಾಜು ಮಾಡ್ಬೇಡಿ. ಕಾಫಿ ಚೀಲ ತೂಗೋ ಕೊಕ್ಕೆ ತಕ್ಕಡಿ ಸಾಕು: ಲೈನ್ ರಾಡಿನ ಗೈಡುಗಳೊಳಗಿಂದ (ಬಳೆಗಳೊಳಗಿಂದ) ಬರಲಿ, ರಾಡ್ 45 ಡಿಗ್ರಿ ಬಾಗಿರಲಿ, ಡ್ರ್ಯಾಗ್ ಜಾರೋ ಹೊತ್ತಿಗೆ ತಕ್ಕಡಿ ಮುಳ್ಳು ಎಲ್ಲಿದೆ ನೋಡಿ. ಮೀಡಿಯಂ ಲೈಟ್ ರಾಡ್ ಅದಕ್ಕೆ ತಡೆಯೋದಿಲ್ಲ, 8 ಅಡಿ ಮೀಡಿಯಂ ಹೆವಿ ಬೇಕು.

ಮೊನೊ_ಮಾತ್ರ
ಕಾವೇರಿ ಬಂಡೆಗೆ ಬ್ರೇಡ್? ಒಂದು ಉಜ್ಜಿಗೆ ಕಡಿದು ಹೋಗ್ತದೆ. ಆಮೇಲೆ ಮೀನು ಬಾಯಲ್ಲಿ ಲೂರ್ (ನಕಲಿ ಎರೆ) ಇಟ್ಟುಕೊಂಡು ಸಾಯ್ತದೆ. 20 ಪೌಂಡ್ ಮೊನೊ, ಮುಗೀತು.

ಪಿಇ_ಎರಡೂವರೆ
ಅದಕ್ಕೇ ಲೀಡರ್ ಇರೋದು, ಬ್ರೇಡಿನ ತುದಿಗೆ ಕಟ್ಟೋ ದಪ್ಪ ತುಂಡು. 40 ಪೌಂಡ್ ಮೊನೊ, 3 ಮೀಟರ್, ಎಫ್‌ಜಿ ಗಂಟು. ಬಂಡೆಗೆ ತಾಗೋದು ಹೆಚ್ಚಾಗಿ ಆ 3 ಮೀಟರೇ.

ಮೊನೊ_ಮಾತ್ರ
ಎಫ್‌ಜಿ ಗಂಟನ್ನು ಹೊಳೆ ದಡದಲ್ಲಿ ಗಾಳಿಗೆ ಕಟ್ಟಿ ತೋರಿಸಿ, ಆಮೇಲೆ ಮಾತಾಡೋಣ.

ಸಿದ್ದಾಪುರ_ಸ್ಪೂನ್
ಯಾರೂ ನೀರಿನ ಮಾತೆತ್ತಲಿಲ್ಲ. ಇದು ರೊಬಸ್ಟಾ ಪಲ್ಪಿಂಗ್ ಸಮಯ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆಯೋದು. ತೊಳೆದ ನೀರಿನಲ್ಲಿ ಸಕ್ಕರೆ, ಲೋಳೆ ಎಲ್ಲ ಉಂಟು. ಅದು ಹೊಳೆಗೆ ಬಿದ್ದರೆ ಬ್ಯಾಕ್ಟೀರಿಯಾ ಕೊಳೆಸ್ತಾ ಆಮ್ಲಜನಕ ತಿಂತದೆ. ನೀರು ಕಂದು ಬಣ್ಣ, ಹುಳಿ ವಾಸನೆ ಇದ್ದರೆ ಆ ದಿನ ಗಾಳ ಹಾಕೋದೇ ಬೇಡ.

ತೋಟದ_ಮನೆ
ಬಂತು! ಮೀನು ಸತ್ತರೂ ತೋಟದವರು, ಮಳೆ ತಡ ಆದರೂ ತೋಟದವರು. ಹೊಂಡ ಮಾಡಿ ಸುಣ್ಣ ಹಾಕಿ ನಿಲ್ಲಿಸ್ತೇವೆ, ಹೊಳೆಗೆ ಬಿಡೋದಿಲ್ಲ. ಕುಶಾಲನಗರದ ಚರಂಡಿ ಬಗ್ಗೆ ಬಾಯಿ ಬಿಡಿ ಮೊದಲು.

ಸಿದ್ದಾಪುರ_ಸ್ಪೂನ್
ಕುಶಾಲನಗರ ವಾಲ್ನೂರಿನ ಕೆಳಗಿರೋದು ಸ್ವಾಮಿ. ಚರಂಡಿ ನೀರು ದುಬಾರೆ ದಾಟಿ ಮೇಲಕ್ಕೆ ಹತ್ತೋದಿಲ್ಲ.

ತೋಟದ_ಮನೆ
ಹಾಗಾದರೆ ನಿಮ್ಮ ಸಿದ್ದಾಪುರ, ನೆಲ್ಯಹುದಿಕೇರಿ ಮೇಲೇ ಉಂಟಲ್ಲ. ಅಲ್ಲಿನ ಚರಂಡಿ?

ಹಾರಂಗಿ_ಬ್ಯಾಕ್‌ವಾಟರ್
ಜಗಳ ಬೇರೆ ಥ್ರೆಡ್ಡಲ್ಲಿ ಮಾಡಿ. ಉಷ್ಣತೆ ಅಳೆಯಿರಿ ಮೊದಲು. ಸಮುದ್ರಮಟ್ಟದಲ್ಲಿ 20 ಡಿಗ್ರಿ ನೀರಿಗೆ ಲೀಟರಿಗೆ 9 ಮಿಲಿಗ್ರಾಂ ಆಮ್ಲಜನಕ ಹಿಡೀತದೆ, 30 ಡಿಗ್ರಿಗೆ ಏಳೂವರೆ. ನಮ್ಮ ಎತ್ತರಕ್ಕೆ ಅದರಲ್ಲೂ ಹತ್ತನೇ ಒಂದು ಭಾಗ ಕಡಿಮೆ. ನೀರು ಬಿಸಿಯಾದಷ್ಟೂ ಮೀನಿನ ಅಗತ್ಯ ಮಾತ್ರ ಏರ್ತದೆ. ಮಾರ್ಚ್, ಏಪ್ರಿಲ್ ಮಧ್ಯಾಹ್ನ ದೊಡ್ಡ ಮೀನಿಗೆ ಹೋಗೋದು ಬಿಡಿ, ಬೆಳಗ್ಗೆ ಹೋಗಿ.

ಇನ್ನೊಂದು. ಬಲೆಗೆ ಬಂದ ಮೇಲೆ ಬಿಡೋವರೆಗೆ ಏನೇನು ಆಗ್ತದೆ, ಕ್ರಮವಾಗಿ ಬರೀರಿ.

ಹೊಳೆಕರೆ_ವಾಲ್ನೂರು
ವಿಶೇಷ ಏನಿಲ್ಲ. ಕೆಳದವಡೆ ಚರ್ಮಕ್ಕೆ ಸ್ಟ್ರಿಂಗರ್ (ಮೀನು ಕಟ್ಟೋ ಹಗ್ಗ) ಹಾಕಿ ದಡದ ಬೇರಿಗೆ ಕಟ್ತೇನೆ, ಮೊಣಕಾಲು ನೀರಲ್ಲಿ. ಗೆಳೆಯ ಮೇಲಿನ ಬಂಡೆಯಿಂದ ಕ್ಯಾಮರಾ ತರೋವರೆಗೆ ಹತ್ತೋ ಹದಿನೈದೋ ನಿಮಿಷ. ನೀರಲ್ಲೇ ಇರ್ತದೆ. ಆಮೇಲೆ ತಕ್ಕಡಿಗೆ ನೇತು ಹಾಕಿ ತೂಕ, ಫೋಟೊ, ನೀರಲ್ಲಿ ಹಿಂದೆ ಮುಂದೆ ಆಡಿಸಿ ಬಿಡೋದು. ಸಣ್ಣವಕ್ಕೆ ಫೋಟೊ ತೆಗೆಯೋದಿಲ್ಲ.

ಹಾರಂಗಿ_ಬ್ಯಾಕ್‌ವಾಟರ್
ಇದನ್ನು ಮೊದಲ ಪೋಸ್ಟಲ್ಲೇ ಬರೆದಿದ್ದರೆ ಸೂಜಿ, ಪಲ್ಪಿಂಗ್ ಎರಡೂ ಬರ್ತಿರಲಿಲ್ಲ.

ದಡದ ಮೊಣಕಾಲು ನೀರು ಹರಿಯೋದಿಲ್ಲ, ಬಿಸಿಲಿಗೆ ಕಾದಿರ್ತದೆ. ಇಡೀ ಹೊಳೆಯಲ್ಲಿ ಆಮ್ಲಜನಕ ಕಡಿಮೆ ಇರೋ ಜಾಗದಲ್ಲೇ ದಣಿದ ಮೀನನ್ನು ಕಟ್ಟಿ ಹಾಕ್ತಿದ್ದೀರಿ. ಹಗ್ಗ ಜಗ್ಗಿದಾಗೆಲ್ಲ ಅದು ಮತ್ತೆ ಒದ್ದಾಡ್ತದೆ. ಸ್ಟ್ರಿಂಗರ್ ಮನೇಲೇ ಬಿಡಿ. ಬಲೆಯನ್ನು ನೀರಿಂದ ಎತ್ತದೆ, ಹರಿಯೋ ಜಾಗದಲ್ಲಿ ಹಿಡಿದು ಗಾಳ ಬಿಡಿಸಿ. ಕ್ಯಾಮರಾ ಸಿದ್ಧ ಇಲ್ಲ ಅಂದರೆ ಫೋಟೊ ಇಲ್ಲ. ಎತ್ತಿದರೂ 10 ಸೆಕೆಂಡು, ಎರಡು ಕೈಯಲ್ಲಿ ಅಡ್ಡಕ್ಕೆ, ನೀರಿನ ಮೇಲೇ. ದವಡೆಗೆ ತಕ್ಕಡಿ ಸಿಕ್ಕಿಸಿ ನೇತು ಹಾಕಿದರೆ ಇಡೀ ಭಾರ ಅಲ್ಲೇ ಬೀಳ್ತದೆ. ಒದ್ದೆ ಬಟ್ಟೆ ಜೋಲಿಯಲ್ಲಿ ತೂಗಿ, ಜೋಲಿ ತೂಕ ಕಳೀರಿ.

ಹಿಂದೆ ಮುಂದೆ ಆಡಿಸೋದು ತಪ್ಪು. ಹಿಂದಕ್ಕೆ ಎಳೆದಾಗ ಕಿವಿರಿನಲ್ಲಿ ನೀರು ಉಲ್ಟಾ ಹೋಗ್ತದೆ. ಬಾಯಿ ಹರಿವಿಗೆ ಎದುರಾಗಿ, ಹೊಟ್ಟೆ ಕೆಳಗೆ ಮಾಡಿ ಸುಮ್ಮನೆ ಹಿಡೀರಿ. ಬಿಡೋ ಮುಂಚೆ ಎರಡು ಪರೀಕ್ಷೆ: ಬಾಲ ಹಿಡಿದರೆ ಜಾಡಿಸ್ಬೇಕು, ಪಕ್ಕಕ್ಕೆ ಮಗುಚಿದರೆ ತಾನೇ ನೆಟ್ಟಗಾಗ್ಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಇನ್ನೂ ಹಿಡಿದಿರಿ.

ದುಬಾರೆ_5000
ಒಳ್ಳೆ ಮಾಹಿತಿ. ಅಂದ ಹಾಗೆ ನನ್ನದು 5000 ಸೈಜ್, 9 ಅಡಿ ಎರಡು ತುಂಡಿನ ರಾಡ್, ಎಂಟೆಳೆ ಬ್ರೇಡ್. ಈ 2500 ರೀಲು ಸಣ್ಣ ಪಕ್ಕೆ ಮೀನಿಗಷ್ಟೇ ಲಾಯಕ್ಕು.

ಮೊನೊ_ಮಾತ್ರ
ಎಂಟೆಳೆ ಬಂಡೆಗೆ ಇನ್ನೂ ಬೇಗ ಹೋಗ್ತದೆ. ನಾಲ್ಕೆಳೆ ಒರಟು, ಆದರೆ ತಡೀತದೆ.

ಪಿಇ_ಎರಡೂವರೆ
ಈ ಒಂದಕ್ಕೆ ಮೊನೊ ಅವರ ಜೊತೆ ನಾನೂ ಉಂಟು.

ಕಡಲ್ಗಾಳ_ಸಂಪಾಜೆ
ಎಲ್ಲ ಸರಿ, ಹೊಟ್ಟೆ ಒತ್ತಿ ನೋಡಿದ್ದಾರಾ ಇಲ್ಲವಾ?

ಹೊಳೆಕರೆ_ವಾಲ್ನೂರು
ಮೆತ್ತಗೇ ಉಂಟು. ಬ್ರೇಡ್ ತರಿಸ್ತೇನೆ, ನಾಲ್ಕೆಳೆ. ರೀಲಿನ ಸ್ಪೂಲಿಗೆ (ಲೈನ್ ಸುತ್ತೋ ಉರುಳೆಗೆ) ನೇರ ಸುತ್ತಬಹುದಾ?

ಮೊನೊ_ಮಾತ್ರ
ಬೇಡ, ಸ್ಪೂಲಿನ ಮೇಲೆ ಇಡೀ ಬ್ರೇಡ್ ಗಿರಗಿರ ಜಾರ್ತದೆ, ಡ್ರ್ಯಾಗ್ ಹಾಳಾಗಿದೆ ಅಂತ ಮತ್ತೊಂದು ಥ್ರೆಡ್ ಹಾಕ್ತೀರಿ. ಅಡಿಗೆ ಐದಾರು ಮೀಟರ್ ಹಳೇ ಮೊನೊ ಸುತ್ತಿ, ಅದಕ್ಕೆ ಬ್ರೇಡ್ ಕಟ್ಟಿ. ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಹಿಡಿದು ಸುತ್ತಿ, ಅಂಚಿಗೆ 2 ಮಿಲಿಮೀಟರ್ ಬಿಡಿ.