ಸಮಸ್ಯೆ: “ಕಚ್ಚಿದನು ಕೊರಳ, ಗಾಯವು ನೋಳ್ಪ ಕಣ್ಗೆ”

ಪೃಚ್ಛಕ:
ಈ ಸಲ ಸಮಸ್ಯೆಯಾಗಿ ಕೊಟ್ಟ ಕೊನೆಯ ಪಾದ (ಮೊದಲ ಮೂರು ಪಾದ ನೀವು ತುಂಬಬೇಕು) ಹುಟ್ಟಿದ್ದು ಒಂದು ಚಿತ್ರದಿಂದ. ಫ್ರಾನ್ಸಿನ ಚಿತ್ರಕಾರ ವಿಲಿಯಂ ಬೂಗ್ರೋ 1850ರಲ್ಲಿ ಬರೆದ ‘ಡಾಂಟೆ ಮತ್ತು ವರ್ಜಿಲ್’, ಈಗ ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದಲ್ಲಿದೆ. ಒಂಬತ್ತಡಿಗೂ ಎತ್ತರದ ಪಟ. ಇಟಲಿಯ ಕವಿ ಡಾಂಟೆ ತನ್ನ ಕಾವ್ಯದಲ್ಲಿ ರೋಮನ್ ಕವಿ ವರ್ಜಿಲನೊಡನೆ ಸುತ್ತಿ ನೋಡುವ ನರಕದ ಎಂಟನೆಯ ಸುತ್ತಿನಲ್ಲಿ ಜಾನ್ನಿ ಸ್ಕಿಕ್ಕಿ ಎಂಬ ಮೋಸಗಾರ ಕಪೊಕ್ಯೊ ಎಂಬ ರಸವಾದಿಯ ಬೆನ್ನಿಗೆ ಮೊಣಕಾಲೂರಿ ಕುತ್ತಿಗೆಗೆ ಬಾಯಿ ಹಾಕಿದ್ದಾನೆ. ಕವಿಗಳಿಬ್ಬರೂ ಪಕ್ಕದಲ್ಲಿ ನಿಂತು ನೋಡುತ್ತಿದ್ದಾರೆ. ಐದೈದು ಮಾತ್ರೆಯ ಗಣಗಳ ಪಂಚಮಾತ್ರಾ ಚೌಪದಿ, ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸ ‘ಚ್ಚ’. ಚಿತ್ರದಿಂದ ಆಚೆಗೂ ಹೋಗಬಹುದು.

ಲಘುಗುರು:
ಮುಚ್ಚಿ ಮೊಗಮಂ ಸತ್ತನಂ ನಟಿಸಿ ವಂಚಿಸಿದ
ಕಿಚ್ಚಿನೊಳು ರಸವಾದಿಗೆರಗಿ ಹಾಯ್ದನಲಾ
ಬೆಚ್ಚಿ ನಿಂತನು ಪಕ್ಕದೊಳೆ ಕಬ್ಬಿಗಂ ಡಾಂಟೆ
ಕಚ್ಚಿದನು ಕೊರಳ, ಗಾಯವು ನೋಳ್ಪ ಕಣ್ಗೆ

ಸತ್ತ ಬ್ವೊಸೊ ದೊನಾತಿಯ ವೇಷ ಹಾಕಿ, ಉಯಿಲು ಹೇಳಿ ಬರೆಸಿ, ಒಳ್ಳೆಯ ಹೆಣ್ಣುಗುದುರೆಯನ್ನು ತನಗೇ ಮಾಡಿಕೊಂಡವನು ಈ ಸ್ಕಿಕ್ಕಿ.

ಹಳೇಬೇರು:
ಪದ್ಯ ಓಡುತ್ತದೆ ಸ್ವಾಮಿ, ಕಿಚ್ಚು ಎಲ್ಲಿಂದ ಬಂತು? ಎಂಟನೆಯ ಸುತ್ತಿನೊಳಗೆ ಖೋಟಾ ಮಂದಿಯ ಆ ಹತ್ತನೆಯ ಕಂದಕದಲ್ಲಿ ಶಿಕ್ಷೆ ರೋಗ, ಬೆಂಕಿಯಲ್ಲ. ಕಪೊಕ್ಯೊ ಮೈಮೇಲಿನ ಹಕ್ಕಳೆ ಕೆರೆಯುತ್ತ ಕೂತವನು. ಬೂಗ್ರೋ ಹಿನ್ನೆಲೆಗೆ ಬಳಿದ ಕೆಂಪು ನಿಮ್ಮನ್ನು ಏಮಾರಿಸಿದೆ. ‘ಕಿಚ್ಚಿನೊಲು’ (ಬೆಂಕಿಯ ಹಾಗೆ) ಎನ್ನಿ, ಒಂದಕ್ಷರದಲ್ಲಿ ಸರಿಹೋಗುತ್ತದೆ, ಮಾತ್ರೆಯೂ ಕೆಡದು.

ಮಲ್ಲಿಗೆಬಳ್ಳಿ:
ಅದಕ್ಕೆ ನರಕದವರೆಗೆ ಯಾಕೆ ಹೋಗಬೇಕು, ಸವತಿ ಸಾಲದೆ?

ಮೆಚ್ಚಿನವಳೊಡನಿರುಳ ಕಳೆದನೊಲವಿಂ ನಲ್ಲ
ಮುಚ್ಚಿದಳು ಸೆರಗಿನಿಂ ಮುಂಜಾನೆ ನಾಚಿ
ಹೊಚ್ಚಹೊಸ ಗುರುತ ಕಂಡುರಿದಳಾ ಹಿರಿಸವತಿ
ಕಚ್ಚಿದನು ಕೊರಳ, ಗಾಯವು ನೋಳ್ಪ ಕಣ್ಗೆ

ಪೃಚ್ಛಕ:
ಭಲೇ! ಕಾರಣ ಒಂದೆಡೆ, ಕಾರ್ಯ ಇನ್ನೊಂದೆಡೆ. ಅಸಂಗತಿ ಅಲಂಕಾರಕ್ಕೆ ಲಕ್ಷಣಕಾರರು ಕೊಡುವ ದಂತಕ್ಷತದ (ನಲ್ಲನ ಹಲ್ಲಿನ ಗಾಯದ) ಉದಾಹರಣೆಯೇ ಕಣ್ಮುಂದೆ ಬಂತು.

ಹಳೇಬೇರು:
ನನ್ನದೂ ಒಂದಿರಲಿ.

ಅಚ್ಚದಿಟವನು ಮುರಿದ ಧರ್ಮಜಗೆ ಶಿಕ್ಷೆಯೇಂ?
ಚುಚ್ಚಲಿಲ್ಲಾರುಮವನೊಡಲನೆಳ್ಳನಿತುಂ
ಎಚ್ಚರದಿ ನರಕದೊಳು ನಿಂತು ನೋಡಿದ, ದೂತ
ಕಚ್ಚಿದನು ಕೊರಳ, ಗಾಯವು ನೋಳ್ಪ ಕಣ್ಗೆ

ಸ್ವರ್ಗಾರೋಹಣ ಪರ್ವದಲ್ಲಿ ಧರ್ಮರಾಯನನ್ನು ಯಾರೂ ಮುಟ್ಟುವುದಿಲ್ಲ. ಅಶ್ವತ್ಥಾಮನ ಹೆಸರಲ್ಲಿ ದ್ರೋಣನಿಗೆ ಮಾಡಿದ ವಂಚನೆಗೆ ನರಕ ನೋಡುವುದೇ ದಂಡ. ಡಾಂಟೆಯ ಪಾಡು ಬೇರೆ: ಅದೇ ಕಂದಕದಲ್ಲಿ ಇಬ್ಬರು ಪಾಪಿಗಳ ಬೈದಾಟವನ್ನು ಬಾಯಿಬಿಟ್ಟು ಕೇಳುತ್ತ ನಿಂತು ವರ್ಜಿಲನಿಂದ ಬೈಸಿಕೊಂಡ.

ಲಘುಗುರು:
‘ಎಳ್ಳನಿತುಂ’ಗೆ ನನ್ನ ಮತ. ‘ಕಿಚ್ಚಿನೊಲು’ ತಿದ್ದಿಕೊಂಡೆ.

ಪೃಚ್ಛಕ:
ಹಿಂದೆ ಕೈಕಟ್ಟಿ ಹಲ್ಲುಕಿರಿಯುತ್ತ ಹಾರುವ ರೆಕ್ಕೆಯ ಪಿಶಾಚಿಯನ್ನು ಮಾತ್ರ ಎಲ್ಲರೂ ಬಿಟ್ಟಿದ್ದೀರಿ. ಅವನೂ ನೋಡುವವನೇ, ಕಣ್ಣಿಗೆ ಗಾಯವಾದ ಹಾಗಿಲ್ಲ! ಪ್ರಾಸಕ್ಕೆ ‘ಮಚ್ಚರ’ (ಹೊಟ್ಟೆಕಿಚ್ಚು) ಇನ್ನೂ ಬಾಕಿಯಿದೆ, ಯಾರಾದರೂ ಹಿಡಿಯಿರಿ.