ಅಪ್ಪ ಬಸ್ಸು ಹತ್ತಿ ಬ್ಯಾಂಕಿಗೆ ಹೋಗುದು ಯಾಕೆ ಅಂದ್ರೆ

ಕೇಳು ಮಾರಾಯ, ಟೈಪ್ ಮಾಡ್ಲಿಕ್ಕೆ ನನಗೆ ಉದಾಸೀನ, ಮಾತಾಡಿಯೇ ಬಿಡ್ತೇನೆ. ಉದ್ದ ಆದ್ರೆ ಬೈಬೇಡ. ಪಾಸ್‌ಬುಕ್ ಪ್ರಿಂಟ್ ಹಾಕಿಸ್ಲಿಕ್ಕೆ ಅಜ್ಜ, ಅಂದ್ರೆ ನನ್ನ ಅಪ್ಪ, ಬಸ್ಸಲ್ಲಿ 14 ಕಿಲೋಮೀಟರ್ ಹೋಗುದು ಎಂತಕೆ, ಫೋನಿಗೆ ಆಪ್ ಹಾಕಿ ಕೊಡಿ ಅಂತ ನಿನ್ನೆ ಗ್ರೂಪಲ್ಲಿ ಬರ್ದಿದ್ದಿಯಲ್ಲ. ಆಪ್ ಇತ್ತು. ಹಾಕಿ ಕೊಟ್ಟದ್ದೂ ನಾನೇ, ತೆಗೆದದ್ದೂ ನಾನೇ.

ನಮ್ಮ ಊರಿನವರಿಗೆ ಬ್ಯಾಂಕು ಅಂದ್ರೆ ಮನೆಬಾಗಿಲಿಗೆ ಬರುವಂಥದ್ದು. ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಪಿಗ್ಮಿ, ಅಂದ್ರೆ ಮನೆಗೇ ಬಂದು ದಿನದಿನದ ಉಳಿತಾಯ ತಕೊಂಡು ಹೋಗುದು, ಶುರು ಮಾಡಿದ್ದು ದಿನಕ್ಕೆ 2 ಆಣೆಯಿಂದ. ಮತ್ತೆ ಗೊತ್ತುಂಟಲ್ಲ, 2019ರಲ್ಲಿ ವಿಜಯಾ ಬ್ಯಾಂಕು ಬರೋಡಾದೊಳಗೆ ಸೇರಿತು, ಮರುವರ್ಷ ಸಿಂಡಿಕೇಟು ಕೆನರಾದೊಳಗೆ, ಕಾರ್ಪೊರೇಶನ್ ಯೂನಿಯನ್ನಿನೊಳಗೆ. ಒಂದೇ ಪೇಟೆಯಲ್ಲಿ ಒಂದೇ ಬ್ಯಾಂಕಿಗೆ ಎರಡೆರಡು ಬ್ರಾಂಚು ಆದ್ರೆ ಒಂದಕ್ಕೆ ಬಾಗಿಲು ಹಾಕ್ತಾರೆ. ನಮ್ಮದೂ ಹಾಗೇ ಹೋಯ್ತು. ಯಾವುದು ಅಂತ ಇಲ್ಲಿ ಬೇಡ, ಗ್ರೂಪಲ್ಲಿ ರಿಟೈರ್ ಆದ ಬ್ಯಾಂಕಿನವರೇ ನಾಲ್ಕು ಜನ ಇದ್ದಾರೆ!

ಆಗ ಎಂತಾಯ್ತು ಹೇಳು? ಬ್ರಾಂಚಿನ ಕೋಡು ಐಎಫ್‌ಎಸ್‌ಸಿ ಬದಲಾಯ್ತು, ಚೆಕ್ ಬುಕ್ಕು ಬದಲಾಯ್ತು, ಹಳೇ ಆಪ್ ತೆಗೆದು ಹೊಸದು ಹಾಕಿ ಅಂತ ಮೆಸೇಜು. ಎಲ್ಲ ಅಸಲಿಯೇ. ಅಪ್ಪ ಒಂದೊಂದನ್ನೂ ಓದಿ, ಹೇಳಿದ ಹಾಗೆ ಮಾಡಿದ್ರು. ಬ್ಯಾಂಕು ಮೆಸೇಜು ಹಾಕಿದ್ರೆ ಪಾಲಿಸಬೇಕು ಅಂತ ಅವರಿಗೆ ಅಭ್ಯಾಸ ಮಾಡಿಸಿದ್ದೇ ಬ್ಯಾಂಕು.

ಹಾಗಾಗಿ ಹೋದ ಮಳೆಗಾಲದಲ್ಲಿ "ಕೆವೈಸಿ ಅವಧಿ ಮುಗಿದಿದೆ, ಇವತ್ತು ರಾತ್ರಿ ಖಾತೆ ಬಂದ್" ಅಂತ ವಾಟ್ಸಾಪಲ್ಲಿ ಮೋಸದ ಮೆಸೇಜು ಬಂತಲ್ಲ, ಕೆಳಗೊಂದು ಎಪಿಕೆ ಫೈಲು (ಒತ್ತಿದ್ರೆ ಫೋನಿಗೆ ಆಪ್ ಹಾಕುವಂಥದ್ದು), ಮೇಲೆ ಬ್ಯಾಂಕಿನದ್ದೇ ಚಿತ್ರ, ಅವರಿಗೆ ಸಂಶಯವೇ ಬರಲಿಲ್ಲ. ನಾನು ಒಳಗಿಂದ ಚಾ ತರುವಾಗ ಜಗಲಿಯಲ್ಲಿ ಕೂತು, ಕನ್ನಡಕ ಹಣೆಗೇರಿಸಿ, ಫೋನನ್ನು ಮೂಗಿನ ಹತ್ರ ಹಿಡಿದು ಹೆಬ್ಬೆರಳಲ್ಲಿ ಒತ್ತುತ್ತಾ ಇದ್ರು. ನೆಟ್‌ವರ್ಕ್ ಇಲ್ಲದೆ ಆ ಚಕ್ರ ತಿರುಗ್ತಾ ಇತ್ತು. ನಮ್ಮೂರ ನೆಟ್‌ವರ್ಕಿಗೆ ನಾನು ಕೈಮುಗಿದದ್ದು ಅದೊಂದೇ ದಿನ.

ಹಳೇ ಬ್ರಾಂಚಲ್ಲಿ ಅಪ್ಪ ಎಫ್‌ಡಿ ಮುರೀಲಿಕ್ಕೆ ಹೋದ್ರೆ ಕ್ಯಾಶಿಯರು "ಎಂತ ಮಾಷ್ಟ್ರೇ, ಯಾರಿಗೆ ಹುಷಾರಿಲ್ಲ?" ಅಂತ ಕೇಳ್ತಿದ್ರು. ಅಧಿಕಪ್ರಸಂಗ ಅಂತ ಆಗ ನನಗೆ ಸಿಟ್ಟು ಬರ್ತಿತ್ತು. ಆಪು ಹಾಗೆ ಕೇಳುದಿಲ್ಲ, ಒಟಿಪಿ ಮಾತ್ರ ಕೇಳ್ತದೆ.

ನಾನು ಯುಪಿಐ ವಿರೋಧಿ ಅಲ್ಲ ಮತ್ತೆ. ಮೀನಿನವಳಿಗೆ, ಮಲ್ಲಿಗೆಯವಳಿಗೆ ಎಲ್ಲ ಸ್ಕ್ಯಾನೇ. ಆದ್ರೆ ರಿಸರ್ವ್ ಬ್ಯಾಂಕು 2017ರಲ್ಲಿ ಒಂದು ಸುತ್ತೋಲೆ ಹೊರಡಿಸಿತ್ತು, ಅದರಲ್ಲಿ ಹೇಳಿದ್ದು ಹೀಗೆ. ಖಾತೆಯಿಂದ ಯಾರೋ ದುಡ್ಡು ಹೊಡೆದದ್ದರಲ್ಲಿ ತಪ್ಪು ನಿನ್ನದೂ ಅಲ್ಲ, ಬ್ಯಾಂಕಿನದ್ದೂ ಅಲ್ಲ ಅಂತಾದ್ರೆ, ಬ್ಯಾಂಕಿನ ಮೆಸೇಜು ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದ್ರೆ ನಷ್ಟ ನಿನ್ನ ತಲೆಗಿಲ್ಲ. ಒಟಿಪಿ ನೀನೇ ಕೊಟ್ಟದ್ದಾದ್ರೆ, ತಿಳಿಸುವವರೆಗೆ ಹೋದದ್ದೆಲ್ಲ ನಿನ್ನದೇ. ಎಂಬತ್ತರ ಹತ್ರ ಇರುವ ಅಪ್ಪ ಆ ಗಾಬರಿಯಲ್ಲಿ ಸೈಬರ್ ಮೋಸದ ದೂರಿನ ನಂಬರು 1930ಕ್ಕೆ ಫೋನ್ ಮಾಡ್ತಾರಾ? ನಾಚಿಕೆಯಿಂದ ನಮಗೂ ಹೇಳುದಿಲ್ಲ.

ಹಾಗಾಗಿ ಪಿಂಚಣಿ ಖಾತೆಗೆ ಆಪ್ ಬೇಡ. ಬೇರೊಂದು ಸಣ್ಣ ಖಾತೆ ಮಾಡಿ, ಐದು ಸಾವಿರ ಹಾಕಿ, ಯುಪಿಐ ಅದಕ್ಕೆ ಮಾತ್ರ. ಚೌತಿಗೆ ಬರ್ತಿಯಲ್ಲ, ಆಗ ನೀನೇ ಕೂತು ಮಾಡಿಕೊಡು. ದುಡ್ಡು ಬರ್ಲಿಕ್ಕೆ ಪಿನ್ ಒತ್ತುವ ಅಗತ್ಯ ಇಲ್ಲ ಅಂತಲೂ ಹೇಳು. ನಾನು ಹತ್ತು ಸರ್ತಿ ಹೇಳಿ ಆಯ್ತು, ಮೊಮ್ಮಗ ಹೇಳಿದ್ರೆ ಕೇಳ್ತಾರೆ.

ಪಾಸ್‌ಬುಕ್ಕಿಗೆ ಮಾತ್ರ ಹೋಗಲಿ ಬಿಡು. ಬಂದು ಪೆನ್ಸಿಲಲ್ಲಿ ಒಂದೊಂದು ಸಾಲಿಗೂ ಟಿಕ್ ಹಾಕ್ತಾರೆ. ಹೋದ ತಿಂಗಳು ಎಸ್‌ಎಂಎಸ್ಸಿನ ಚಾರ್ಜು ಅಂತ 17 ರೂಪಾಯಿ ಚಿಲ್ಲರೆ ಕಟ್ ಆದದ್ದನ್ನು ಹಿಡಿದದ್ದು ಅವರೇ. ನಿನಗೆ ಎಷ್ಟು ಕಟ್ ಆಗಿದೆ, ನೋಡಿದ್ದಿಯಾ?