‘ಕಳಶವಿಟ್ಟರು’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಯಾವ ಕ್ರಿಯಾಪದ?

ಪ್ರಶ್ನೆ

ಸಸ್ಯವಿಜ್ಞಾನಿಯೊಬ್ಬರನ್ನು ಕುರಿತ ಕನ್ನಡ ಲೇಖನವೊಂದನ್ನು ಇಂಗ್ಲಿಷಿಗೆ ಅನುವಾದಿಸುತ್ತಿದ್ದೇನೆ. ಅದರ ಕೊನೆಯ ಭಾಗದಲ್ಲಿ "ನಲವತ್ತು ವರ್ಷಗಳ ಸಂಶೋಧನೆಗೆ ಅವರು ಈ ಗ್ರಂಥದಿಂದ ಕಳಶವಿಟ್ಟರು" ಎಂಬ ವಾಕ್ಯವಿದೆ. ಗ್ರಂಥ ಹೊರಬಂದು ಕೆಲಸ ಮುಗಿಯಿತು ಎಂಬಷ್ಟೇ ಇಲ್ಲಿಯ ಅರ್ಥವಲ್ಲ. ಅಲ್ಲಿಯವರೆಗೆ ನಡೆದದ್ದೆಲ್ಲ ಆ ಗ್ರಂಥದಲ್ಲಿ ತನ್ನ ಪೂರ್ತಿ ಎತ್ತರವನ್ನು ಮುಟ್ಟಿತು, ಅದರಿಂದಲೇ ಸಾರ್ಥಕವಾಯಿತು ಎಂಬ ಧ್ವನಿಯೂ ಇದೆ. ಮೊದಲು ನಾನು ಶಿಖರ ಮುಟ್ಟುವುದನ್ನು ಹೇಳುವ ‘ಕಲ್ಮಿನೇಟ್’ ಪದವನ್ನು ಹಿಡಿದು, ಅವರು ಸಂಶೋಧನೆಯನ್ನು ಕಲ್ಮಿನೇಟ್ ಮಾಡಿದರು ಎಂಬ ಧಾಟಿಯಲ್ಲಿ ಬರೆದೆ. ಓದಿದ ಸ್ನೇಹಿತರೊಬ್ಬರು ಇಂಗ್ಲಿಷ್ ಕಿವಿಗೆ ಅದು ಒಗ್ಗುವುದಿಲ್ಲವೆಂದರು. ‘ಕನ್‌ಕ್ಲೂಡ್’ ಸಪ್ಪೆಯಾಗುತ್ತದೆ, ‘ಫೈನಲೈಸ್’ ಎಂದರೆ ಕಡತಕ್ಕೆ ಸಹಿ ಹಾಕಿದಂತೆ ಕೇಳುತ್ತದೆ. ಶಿಖರಕ್ಕೇರಿಸುವುದು, ಮುಗಿಸುವುದು ಎಂಬ ಎರಡು ಅರ್ಥಗಳನ್ನೂ ಒಟ್ಟಿಗೆ ಹೊರಬಲ್ಲ ಸಕರ್ಮಕ ಕ್ರಿಯಾಪದವೊಂದು ಇಂಗ್ಲಿಷಿನಲ್ಲಿ ಇದೆಯೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1

ತಮ್ಮ ಸ್ನೇಹಿತರ ಆಕ್ಷೇಪ ಸರಿಯಾಗಿದೆ. ಕನ್ನಡದಲ್ಲಿ ನಮಗೆ ‘ಇಸು’ ಪ್ರತ್ಯಯದ ಸೌಕರ್ಯವಿದೆ: ಮುಗಿ ಎಂಬುದು ಮುಗಿಸು ಆಗುತ್ತದೆ, ಏರು ಎಂಬುದು ಏರಿಸು ಆಗುತ್ತದೆ, ತಲುಪು ಎಂಬುದು ತಲುಪಿಸು ಆಗುತ್ತದೆ. ಹೀಗಾಗಿ ತಾನಾಗಿ ಆಗುವ ಯಾವುದನ್ನೂ ಇನ್ನೊಬ್ಬರು ಆಗಿಸಬಹುದು ಎಂದು ನಾವು ನಂಬಿಬಿಟ್ಟಿರುತ್ತೇವೆ. ಇಂಗ್ಲಿಷಿನಲ್ಲಿ ಅಂಥ ಪ್ರತ್ಯಯ ಎಲ್ಲ ಕ್ರಿಯಾಪದಗಳಿಗೂ ಒದಗುವುದಿಲ್ಲ. ‘ಕಲ್ಮಿನೇಟ್’ ಇಂದಿನ ಬಳಕೆಯಲ್ಲಿ ಬಹುಮಟ್ಟಿಗೆ ಅಕರ್ಮಕ. ಅದರ ಕರ್ತೃವಾಗಿ ನಿಲ್ಲುವುದು ಮನುಷ್ಯನಲ್ಲ, ಬೆಳೆಯುತ್ತ ಬಂದ ಪ್ರಕ್ರಿಯೆ, ಮತ್ತು ಅದರ ಹಿಂದೆಯೇ ‘ಇನ್’ ಬರುತ್ತದೆ. ಸಂಶೋಧನೆಯು ಗ್ರಂಥದಲ್ಲಿ ಕಲ್ಮಿನೇಟ್ ಆಯಿತು ಎಂಬ ಕ್ರಮದಲ್ಲಿ ಬರೆದರೆ ಯಾರೂ ಹುಬ್ಬೇರಿಸುವುದಿಲ್ಲ. ಕೆಲವು ದೊಡ್ಡ ನಿಘಂಟುಗಳು ಸಕರ್ಮಕ ಪ್ರಯೋಗವನ್ನೂ ದಾಖಲಿಸಿವೆ ಎಂಬುದು ನಿಜ. ಆದರೆ ನಿಘಂಟಿನಲ್ಲಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ಬಳಸಿದರೆ, ಓದುವವರು ಪ್ರತಿಸಲವೂ ಅಲ್ಲಿ ತಡವರಿಸುತ್ತಾರೆ.

ಈ ಪದದ ಹಿನ್ನೆಲೆಯೂ ತಮ್ಮ ವಾಕ್ಯದ ವಿಚಾರದಲ್ಲಿ ಗಮನಿಸತಕ್ಕದ್ದು. ಇದರ ಮೂಲ ಶಿಖರ ಎಂಬರ್ಥದ ಲ್ಯಾಟಿನ್ ಪದ ‘ಕಲ್ಮೆನ್’. 17ನೆಯ ಶತಮಾನದ ಇಂಗ್ಲಿಷಿನಲ್ಲಿ ಇದು ಖಗೋಳಶಾಸ್ತ್ರದ ಪರಿಭಾಷೆಯಾಗಿತ್ತು: ನಕ್ಷತ್ರವೊಂದು ನೋಡುವವರ ಮಧ್ಯಾಹ್ನರೇಖೆಯನ್ನು, ಎಂದರೆ ನೆತ್ತಿಯ ಮೇಲಿಂದ ಉತ್ತರ-ದಕ್ಷಿಣವಾಗಿ ಹಾಯುವ ಕಲ್ಪಿತ ರೇಖೆಯನ್ನು, ದಾಟುತ್ತ ತನ್ನ ದೈನಂದಿನ ಪಥದ ಅತ್ಯಂತ ಎತ್ತರದ ಬಿಂದುವನ್ನು ಮುಟ್ಟುವುದಕ್ಕೆ ಆ ಹೆಸರು, ಮತ್ತು ಖಗೋಳಶಾಸ್ತ್ರಜ್ಞರು ಇಂದಿಗೂ ಹಾಗೆಯೇ ಬಳಸುತ್ತಾರೆ. ನಕ್ಷತ್ರವನ್ನು ಯಾರೂ ಎತ್ತಿ ಅಲ್ಲಿಗೇರಿಸುವುದಿಲ್ಲವಷ್ಟೆ. ಪದ ಅಕರ್ಮಕವಾಗಿಯೇ ಉಳಿದಿರುವುದು ಸಹಜವೆನಿಸುತ್ತದೆ.

ಉತ್ತರ 2

ಮೇಲಿನವರ ವಿವರಣೆಯನ್ನು ಒಪ್ಪುತ್ತ ಒಂದು ಮಾತನ್ನು ಸೇರಿಸುತ್ತೇನೆ. ಪ್ರಶ್ನೆಯಲ್ಲಿ ಶಿಖರವನ್ನೂ ಮುಕ್ತಾಯವನ್ನೂ ಒಂದೇ ಪದದಲ್ಲಿ ಹಿಡಿಯಲು ಹೊರಟಿದ್ದೀರಿ. ಇಂಗ್ಲಿಷಿನ ಹೆಚ್ಚಿನ ಪದಗಳು ಇವುಗಳಲ್ಲಿ ಒಂದನ್ನು ಮಾತ್ರ ಹೇಳುತ್ತವೆ. ‘ಕನ್‌ಕ್ಲೂಡ್’ ಪದದೊಳಗೆ ಮುಚ್ಚು ಎಂಬರ್ಥದ ಲ್ಯಾಟಿನ್ ಧಾತುವಿದೆ, ಎಂದರೆ ಅಲ್ಲಿ ಬಾಗಿಲು ಹಾಕಿದ್ದಿದೆಯೇ ಹೊರತು ಎತ್ತರವಿಲ್ಲ. ‘ಕ್ಲೈಮ್ಯಾಕ್ಸ್’ ಇದಕ್ಕೆ ತದ್ವಿರುದ್ಧ. ಅದು ಏಣಿ ಎಂಬರ್ಥದ ಗ್ರೀಕ್ ಪದ. ಅಲಂಕಾರಶಾಸ್ತ್ರದಲ್ಲಿ ಮೊದಲಿಗೆ ಅದು ಒಂದಕ್ಕಿಂತ ಒಂದು ಬಲವಾದ ಮಾತುಗಳನ್ನು ಮೆಟ್ಟಿಲುಮೆಟ್ಟಿಲಾಗಿ ಜೋಡಿಸುವ ಕ್ರಮದ ಹೆಸರಾಗಿತ್ತು. ಇಡೀ ಏಣಿಯ ಹೆಸರು ಮೇಲ್ತುದಿಯ ಒಂದು ಮೆಟ್ಟಿಲಿಗೆ ಸಂದದ್ದು ಆಮೇಲಿನ ಬೆಳವಣಿಗೆ. 1863ರಲ್ಲಿ ಜರ್ಮನ್ ಲೇಖಕ ಗುಸ್ತಾಫ್ ಫ್ರೈಟಾಗ್ ನಾಟಕದ ರಚನೆಯನ್ನು ಐದು ಭಾಗಗಳ ಪಿರಮಿಡ್ಡಾಗಿ ಚಿತ್ರಿಸಿದಾಗ ಆ ಪರಾಕಾಷ್ಠೆ ಮೂರನೆಯ ಭಾಗವಾಗಿ, ನಟ್ಟನಡುವೆ ನಿಂತಿತ್ತು. ಕಥೆ ಮುಗಿಯುವುದು ಅಲ್ಲಿಂದ ಇಳಿದ ಮೇಲೆ. ಹಾಗೆ ಇಳಿದು ಮುಗಿಯುವುದಕ್ಕೆ ಇಂಗ್ಲಿಷ್ ವಿಮರ್ಶಕರು ಫ್ರೆಂಚಿನಿಂದ ತಂದುಕೊಂಡ ಬೇರೊಂದು ಪದವೇ ಇದೆ, ಅದರ ಮೂಲಾರ್ಥ ಗಂಟು ಬಿಚ್ಚುವುದು.

‘ಕ್ಲೈಮ್ಯಾಕ್ಸ್’ ಪದವನ್ನು ಕ್ರಿಯಾಪದವಾಗಿಯೂ ಬಳಸುತ್ತಾರೆ, ಆದರೆ ಅದಕ್ಕೆ ಲೈಂಗಿಕ ಅರ್ಥವೊಂದು ಗಟ್ಟಿಯಾಗಿ ಅಂಟಿಕೊಂಡಿದೆ. ಗಂಭೀರ ಸಸ್ಯವಿಜ್ಞಾನಿಯ ಜೀವನಚಿತ್ರದಲ್ಲಿ ಅದನ್ನು ತರದಿರುವುದು ಕ್ಷೇಮ.

ಪ್ರಶ್ನೆ ಕೇಳಿದವರ ಮರುನುಡಿ

ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ಕರ್ತೃವನ್ನೇ ಬದಲಿಸಿ, ಸಂಶೋಧನೆ ಗ್ರಂಥದಲ್ಲಿ ಪರಿಣಮಿಸಿತು ಎಂಬಂತೆ ಬರೆಯಬಹುದು. ಆದರೆ ಮೂಲದಲ್ಲಿ ಕಳಶವಿಟ್ಟವರು ಆ ವಿಜ್ಞಾನಿಯೇ, ತಾನಾಗಿ ಅದು ಬಂದು ಕೂತದ್ದಲ್ಲ. ಆ ಕರ್ತೃತ್ವವನ್ನು ಬಿಟ್ಟುಕೊಡಲು ಮನಸ್ಸಾಗುತ್ತಿಲ್ಲ. ‘ವೈಂಡ್ ಅಪ್’, ‘ಕ್ಯಾಪ್’ ಮುಂತಾದವು ಸಕರ್ಮಕವೇ ಅಲ್ಲವೇ?

ಉತ್ತರ 3

ಸಕರ್ಮಕವೇ ಹೌದು, ಆದರೆ ‘ವೈಂಡ್ ಅಪ್’ ಬೇಡ. ಭಾಷಣವನ್ನೋ ಸಭೆಯನ್ನೋ ಮುಗಿಸುವಾಗ ಅದು ಸಲ್ಲುತ್ತದೆ. ಕಂಪನಿಯ ವಿಷಯದಲ್ಲಿ ಹೇಳಿದಾಗ ಸಾಲಸೋಲ ತೀರಿಸಿ ಬಾಗಿಲು ಮುಚ್ಚುವ ಕಾನೂನು ಕ್ರಮ ಎಂದರ್ಥ. ಸಂಶೋಧನೆಯನ್ನು ಹಾಗೆ ಮುಗಿಸಿದರು ಎಂದರೆ ಗಂಟುಮೂಟೆ ಕಟ್ಟಿದರು ಎಂದು ಕೇಳಿಸೀತು. ‘ರ್‍ಯಾಪ್ ಅಪ್’ ಆಡುಮಾತಿಗೆ ಸೇರಿದ್ದು. ‘ರೌಂಡ್ ಆಫ್’ ಅಚ್ಚುಕಟ್ಟಾಗಿ ಮುಗಿಸುವುದನ್ನು ಹೇಳುತ್ತದೆ, ಒಂದು ಸಂಜೆಯನ್ನೋ ಒಂದು ಪ್ರವಾಸವನ್ನೋ. ನಲವತ್ತು ವರ್ಷದ ತಪಸ್ಸಿಗೆ ಅದು ಸಾಲದು.

ತಮಗೆ ಬೇಕಾದ ಪದ ‘ಕ್ರೌನ್’. ಕಿರೀಟವೆಂಬ ನಾಮಪದವೇ ಇಲ್ಲಿ ಕ್ರಿಯಾಪದವಾಗುತ್ತದೆ. ವ್ಯಕ್ತಿ ಕರ್ತೃವಾಗಿ ನಿಲ್ಲಬಹುದು, ಸಂಶೋಧನೆ ಕರ್ಮವಾಗಿ ನಿಲ್ಲಬಹುದು, ಗ್ರಂಥ ‘ವಿತ್’ ಎಂಬುದರ ಜೊತೆ ಬರಬಹುದು. ಅವರು ನಲವತ್ತು ವರ್ಷಗಳ ಸಂಶೋಧನೆಯನ್ನು ಈ ಗ್ರಂಥದಿಂದ ಕ್ರೌನ್ ಮಾಡಿದರು ಎಂಬ ಅನ್ವಯ ಕನ್ನಡದ ವಾಕ್ಯಕ್ಕೆ ಎಷ್ಟು ಹತ್ತಿರವಾಗಿದೆ ನೋಡಿ. ನಮ್ಮದು ಗೋಪುರದ ಮೇಲಿನ ಕಳಶ, ಅವರದು ತಲೆಯ ಮೇಲಿನ ಕಿರೀಟ. ಎರಡೂ ಎಲ್ಲಕ್ಕಿಂತ ಮೇಲೆ ಕೂರುತ್ತವೆ, ಎರಡನ್ನೂ ಕೊನೆಯಲ್ಲಿ ಇಡುತ್ತಾರೆ. ತಾವು ಕೇಳಿದ ಶಿಖರ, ಮುಕ್ತಾಯಗಳೆರಡೂ ಇಲ್ಲಿ ಒಂದೇ ಚಿತ್ರದಲ್ಲಿ ಸಿಗುತ್ತವೆ.

‘ಕ್ಯಾಪ್’ ಪದವನ್ನೂ ಇದೇ ಅನ್ವಯದಲ್ಲಿ ಬಳಸಬಹುದು, ಆದರೆ ಅದರ ವರಸೆ ಪತ್ರಿಕೆಯ ಕ್ರೀಡಾಪುಟಕ್ಕೆ ಹತ್ತಿರ: ಆಟಗಾರ್ತಿಯೊಬ್ಬಳು ಒಳ್ಳೆಯ ಋತುವನ್ನು ಪ್ರಶಸ್ತಿಯೊಂದಿಗೆ ಕ್ಯಾಪ್ ಮಾಡಿದಳು ಎಂಬಂಥ ಸಂದರ್ಭಗಳಿಗೆ. ಇದರಲ್ಲೊಂದು ಅಪಾಯವೂ ಇದೆ. ಮಿತಿ ಹೇರುವುದು ಎಂಬರ್ಥ ಈ ಪದಕ್ಕೆ ಬಲವಾಗಿಯೇ ಇದೆ. ಖರ್ಚನ್ನು ಕ್ಯಾಪ್ ಮಾಡಿದರು ಎಂದರೆ ಇಂತಿಷ್ಟಕ್ಕಿಂತ ಹೆಚ್ಚು ಮಾಡಕೂಡದೆಂದು ಕಟ್ಟು ಹಾಕಿದರು ಎಂದರ್ಥ. ‘ವಿತ್’ ಬಿಟ್ಟುಹೋದರೆ ತಮ್ಮ ವಿಜ್ಞಾನಿ ಸಂಶೋಧನೆಗೆ ಕಡಿವಾಣ ಹಾಕಿದವರಾಗುತ್ತಾರೆ! ‘ಟು ಕ್ಯಾಪ್ ಇಟ್ ಆಲ್’ ಎಂಬ ನುಡಿಗಟ್ಟಂತೂ ಸಾಮಾನ್ಯವಾಗಿ ಸಾಲುಸಾಲು ತೊಂದರೆಗಳ ಕೊನೆಗೆ ಬಂದೆರಗಿದ ದೊಡ್ಡ ತೊಂದರೆಯನ್ನು ಹೇಳಲು ಬರುತ್ತದೆ.

ಉತ್ತರ 4

‘ಕಾನ್ಸಮೇಟ್’ ಪದವನ್ನು ಯಾರೂ ಎತ್ತಲಿಲ್ಲ. ಪರಿಪೂರ್ಣಗೊಳಿಸುವುದು ಎಂಬ ಮೂಲಾರ್ಥ ಅದಕ್ಕಿದ್ದರೂ, ಕ್ರಿಯಾಪದವಾಗಿ ಅದು ಇಂದು ಹೆಚ್ಚಾಗಿ ಕಾಣಿಸಿಕೊಳ್ಳುವುದು ದಾಂಪತ್ಯದ ಮೊದಲ ಕೂಟಕ್ಕೆ ಸಂಬಂಧಿಸಿದಂತೆ ಅಥವಾ ವ್ಯವಹಾರದ ಒಪ್ಪಂದಗಳಲ್ಲಿ. ‘ಕ್ಲಿಂಚ್’ ಕೂಡ ಹೊಂದುವುದಿಲ್ಲ. ಬಡಿದ ಮೊಳೆಯ ಹೊರಚಾಚಿದ ತುದಿಯನ್ನು ಬಗ್ಗಿಸಿ ಬಿಗಿ ಮಾಡುವ ಕೆಲಸದ ಹೆಸರು ಅದು. ಕೈತಪ್ಪಬಹುದಾಗಿದ್ದ ಗೆಲುವನ್ನೋ ಒಪ್ಪಂದವನ್ನೋ ಖಚಿತಪಡಿಸಿಕೊಂಡಾಗ ಒಪ್ಪುತ್ತದೆ, ಇಲ್ಲಿ ಅಂಥ ಪೈಪೋಟಿಯೇನೂ ಇಲ್ಲ.

ಇನ್ನೊಂದು ವಿಷಯ: ಲೇಖನದಲ್ಲಿ ಮುಂದೆಲ್ಲಾದರೂ ವಾದವಿವಾದ ತಾರಕಕ್ಕೇರಿತು ಎಂಬ ಮಾತು ಬಂದರೆ ‘ಕ್ರೆಷೆಂಡೊ’ ಪದಕ್ಕೆ ಕೈಹಾಕುವ ಮುನ್ನ ಯೋಚಿಸಿ. ಸಂಗೀತದಲ್ಲಿ ಅದು ನಾದ ಕ್ರಮೇಣ ಬಲಗೊಳ್ಳುತ್ತ ಹೋಗುವುದರ ಹೆಸರು, ತಲುಪಿದ ತುದಿಯದಲ್ಲ. ತುದಿ ಎಂಬರ್ಥದಲ್ಲಿ ಬಳಸುವವರು ಬಹಳ ಜನರಿದ್ದಾರೆ, ಸಂಗೀತ ಬಲ್ಲವರು ಅದನ್ನು ಕಂಡು ಮುಖ ಸಿಂಡರಿಸುವುದೂ ಇದೆ. ಜಗಳ ನಿರ್ಣಾಯಕ ಘಟ್ಟ ಮುಟ್ಟಿತೆನ್ನಲು ‘ಕಮ್ ಟು ಎ ಹೆಡ್’ ಎಂಬ ನುಡಿಗಟ್ಟಿದೆ. ಕುರು ಮಾಗಿ ಮೊನೆಗಟ್ಟುವುದಕ್ಕೂ ಅವರು ಅದನ್ನೇ ಹೇಳುತ್ತಾರಾದ್ದರಿಂದ, ಇನ್ನೇನು ಒಡೆಯಲಿದೆ ಎಂಬ ಸೂಚನೆ ತಾನಾಗಿ ಬರುತ್ತದೆ.

ಪ್ರಶ್ನೆ ಕೇಳಿದವರ ಮರುನುಡಿ

‘ಕ್ರೌನ್’ ಬಳಸಿ ವಾಕ್ಯವನ್ನು ತಿದ್ದಿದ್ದೇನೆ, ವಿಜ್ಞಾನಿಯೇ ಕರ್ತೃವಾಗಿ ಉಳಿದಿದ್ದಾರೆ. ಆಕ್ಷೇಪವೆತ್ತಿದ್ದ ಸ್ನೇಹಿತರಿಗೂ ತೋರಿಸಿದೆ. ಈ ಸಲ ಅವರು ಎಲ್ಲಿಯೂ ನಿಲ್ಲದೆ ಓದಿಕೊಂಡು ಹೋದರು. ಕಲ್ಮಿನೇಷನ್ ಎಂಬ ನಾಮಪದವನ್ನು ಮಾತ್ರ ಆ ಭಾಗದ ಉಪಶೀರ್ಷಿಕೆಯಲ್ಲಿ ಹಾಗೆಯೇ ಬಿಟ್ಟಿದ್ದೇನೆ, ಅಲ್ಲಿ ಅದಕ್ಕೆ ಕರ್ತೃವಿನ ಹಂಗೂ ಇಲ್ಲ, ಕರ್ಮದ ಹಂಗೂ ಇಲ್ಲ.